ಲಾಲ್‌ಬಾಗ್‌ನ ಅಂಚಿನ ಜಾಗ ಹೋದರೆ ನಷ್ಟವೇನು?

ಪ್ರಶ್ನೆ: ಮರಗಳಿಗೂ ಆಯಸ್ಸಿದೆ, ಹೂವಿನ ಪಾತಿಗಳಂತೂ ಋತುವಿಗೊಮ್ಮೆ ಬದಲಾಗುತ್ತವೆ. ಹೀಗಿರುವಾಗ ಲಾಲ್‌ಬಾಗ್ ಅನ್ನು ಕೋಟೆ, ದೇವಾಲಯಗಳ ಸಾಲಿನಲ್ಲಿಟ್ಟು ಪರಂಪರೆಯ ತಾಣ ಎನ್ನುವುದು ಎಷ್ಟು ಸರಿ? ರಸ್ತೆಗೋ ಮೆಟ್ರೊಗೋ ಅಂಚಿನಲ್ಲಿ ಒಂದಿಷ್ಟು ಜಾಗ ಕೊಟ್ಟು, ಬೇರೆಡೆ ಅದರ ಎರಡರಷ್ಟು ಸಸಿ ನೆಟ್ಟರೆ ಸಾಲದೆ?

ಉತ್ತರ: 2009ರಲ್ಲಿ ಮೆಟ್ರೊ ಕಾಮಗಾರಿಗೆಂದು ಲಾಲ್‌ಬಾಗ್‌ನ ಕಾಂಪೌಂಡ್ ಒಡೆದಾಗ ಈ ಪ್ರಶ್ನೆಯನ್ನು ಹಲವರು ಕೇಳಿದ್ದರು. 2025ರಲ್ಲಿ ಸುರಂಗ ರಸ್ತೆಯ ಚರ್ಚೆಯಲ್ಲಿ ಲಾಲ್‌ಬಾಗ್‌ನ ಹೆಸರು ಬಂದಾಗಲೂ ಅದೇ ಮಾತು ಕೇಳಿಬಂತು. ಉದ್ಯಾನವೆಂದರೆ ಅದರೊಳಗಿನ ಗಿಡಮರಗಳ ಒಟ್ಟು ಲೆಕ್ಕ ಎಂದುಕೊಂಡರೆ ಪ್ರಶ್ನೆ ನ್ಯಾಯವಾದದ್ದೇ. ಯಲಹಂಕದಲ್ಲಿ ನೆಟ್ಟ ಮಾವಿನ ಸಸಿಯೂ ಮೂವತ್ತು ವರ್ಷಕ್ಕೆ ನೆರಳು ಕೊಡುತ್ತದೆ. ಆದರೆ ಲಾಲ್‌ಬಾಗ್‌ನ ಬೆಲೆ ನೆರಳಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

1760ರಲ್ಲಿ ಹೈದರ್ ಅಲಿ ಸಿರಾದ ಮೊಗಲ್ ಮಾದರಿಯ ತೋಟದಿಂದ ಪ್ರೇರಿತನಾಗಿ ಸುಮಾರು 40 ಎಕರೆಯಲ್ಲಿ ಇದನ್ನು ಆರಂಭಿಸಿದ. ಟಿಪ್ಪು ಅದನ್ನು ಬೆಳೆಸಿ, ಪರ್ಷಿಯಾ, ಕಾಬೂಲ್, ಮಾರಿಷಸ್ ಮುಂತಾದೆಡೆಗಳಿಂದ ಬೀಜ, ಸಸಿಗಳನ್ನು ತರಿಸಿದ. ಬಂದ ಸಸಿಗಳನ್ನು ಮಣ್ಣಿಗೆ ಹೊಂದಿಸಿದ ಕೈಗಳ ಹೆಸರು ಇತಿಹಾಸದಲ್ಲಿ ಉಳಿದಿಲ್ಲವಾದರೂ, ತೋಟಗಾರಿಕೆಯಲ್ಲಿ ನುರಿತ ತಿಗಳರು, ಅಂದರೆ ಇಂದಿಗೂ ಬೆಂಗಳೂರಿನ ಕರಗವನ್ನು ನಡೆಸುವ ಸಮುದಾಯದವರು, ಈ ತೋಟದಲ್ಲಿ ದುಡಿದವರು ಎಂಬುದನ್ನು ಮರೆಯುವಂತಿಲ್ಲ.

1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿಂದಾಚೆಗೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಾದವರು ಒಬ್ಬರ ನಂತರ ಒಬ್ಬರು ಇದರ ಹೊಣೆ ಹೊತ್ತರು. 1874ರಿಂದ 1908ರವರೆಗೆ ಇಲ್ಲಿದ್ದ ಜಾನ್ ಕ್ಯಾಮರನ್, ಹೊರನಾಡಿನ ತರಕಾರಿ, ಹಣ್ಣುಗಳನ್ನು ಇಲ್ಲಿ ಬೆಳೆಸಿ ನೋಡಿ, ಒಗ್ಗಿದವುಗಳನ್ನು ರೈತರಿಗೆ ತಲುಪಿಸಿದರು. ನಮ್ಮ ಸಾಂಬಾರಿನ ಸೀಮೆಬದನೆಕಾಯಿಯನ್ನು ಇಲ್ಲಿಗೆ ತಂದವರೂ ಅವರೇ ಎನ್ನುತ್ತಾರೆ. ತಮಿಳರು ಅದನ್ನು ಇಂದಿಗೂ 'ಬೆಂಗಳೂರು ಕತ್ತರಿಕಾಯಿ' ಎಂದೇ ಕರೆಯುತ್ತಾರೆ. ಕ್ಯಾಮರನ್ ನಂತರ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ನಗರದ ಸಾಲುಮರಗಳನ್ನು ಯೋಜಿಸಿದರು. ಹೀಗೆ ನೋಡಿದರೆ ಲಾಲ್‌ಬಾಗ್ ಬರಿಯ ವಿಹಾರದ ತೋಟವಲ್ಲ. ಇಡೀ ಊರಿನ ಬೀದಿಗೂ ಅಡುಗೆಮನೆಗೂ ಸಸಿಮಡಿಯಾಗಿದ್ದ ಜಾಗ.

ಇದು ಸಸ್ಯಗಳ ಮಾತಾಯಿತು. ಇನ್ನು ನೆಲದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಅಲ್ಲಿದೆ.

ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಸಂಜೆ ಗಾಳಿಗೆ ಕೂರುವವರು ಅನೇಕರು. ಕೂತ ಕಲ್ಲನ್ನು ನೋಡುವವರು ಕಡಿಮೆ. ಬಗ್ಗಿ ನೋಡಿದರೆ, ಮಸುಕು ಬೂದು ಮೈಯಲ್ಲಿ ಬಿಳಿಯ ಮತ್ತು ಕಪ್ಪು ಪಟ್ಟೆಗಳು, ಕಲಸಿದ ಹಿಟ್ಟಿನ ಎಳೆಗಳಂತೆ ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಇದು ಪೆನಿನ್ಸುಲರ್ ನೈಸ್ ಎಂಬ ಶಿಲೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಇದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹೈದರನ ತೋಟಕ್ಕಿಂತ ಮೊದಲೇ ಬಂಡೆಯ ಮೇಲೆ ಗೋಪುರವಿತ್ತು, ಗೋಪುರಕ್ಕಿಂತ ಮೊದಲು ಬಂಡೆಯಿತ್ತು. ತೋಟ ಹಬ್ಬಿರುವುದು ಈ ಬಂಡೆಯ ಏರು, ಕೆರೆಯ ತಗ್ಗು ಮತ್ತು ಇವುಗಳ ನಡುವಿನ ಇಳಿಜಾರನ್ನು ಅನುಸರಿಸಿ. ಈ ನೆಲವನ್ನು ಎತ್ತಿಕೊಂಡು ಹೋಗಿ ಬೇರೆಡೆ ಇಡುವುದಕ್ಕೆ ಬರುವುದಿಲ್ಲ.

ಗಾಜಿನ ಮನೆಯ ಕಥೆ ಎಲ್ಲರಿಗೂ ತಿಳಿದದ್ದೇ. 1889ರಲ್ಲಿ ಅಡಿಗಲ್ಲು ಬಿತ್ತು. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಅದು ಸುಂದರವಾದ ಕಟ್ಟಡ, ನಿಜ. ಆದರೆ ಲಾಲ್‌ಬಾಗ್‌ನ ಪರಂಪರೆಯನ್ನೆಲ್ಲ ಅದೊಂದರ ಮೇಲೆ ಹೇರುವ ನಮ್ಮ ರೂಢಿ ನನಗೆ ಸರಿಕಾಣುವುದಿಲ್ಲ. ಕಟ್ಟಡವಾದರೆ ಹಳೆಯ ಚಿತ್ರ, ಅಳತೆಗಳನ್ನು ಇಟ್ಟುಕೊಂಡು ಮತ್ತೆ ಕಟ್ಟಬಹುದು. ಹಾಗೆಂದು ಕಟ್ಟಡಗಳನ್ನೂ ನಾವು ಚೆನ್ನಾಗಿ ನೋಡಿಕೊಂಡಿಲ್ಲ: ಕ್ರುಂಬಿಗಲ್ ಹೆಸರಿನ ಹಳೆಯ ಸಭಾಂಗಣ 2017ರಲ್ಲಿ ಕುಸಿದುಬಿದ್ದದ್ದು ಲಾಲ್‌ಬಾಗ್‌ನ ಒಳಗೇ.

ಅಂಚು ಎಂದರೆ ಮಿಗತೆಯ ಜಾಗ ಎಂಬ ಭಾವನೆಯೇ ಇಲ್ಲಿರುವ ತೊಡಕು. ದೊಡ್ಡ ಮರದ ಬೇರುಗಳು ಕೊಂಬೆಗಳ ನೆರಳಿಗಿಂತ ಬಹುದೂರ ಹರಡಿರುತ್ತವೆ. ಗೋಡೆಯ ಪಕ್ಕದಲ್ಲಿ ಆಳಕ್ಕೆ ಅಗೆದರೆ ಪೆಟ್ಟು ಬೀಳುವುದು ಒಳಗಿನ ಮರಕ್ಕೆ, ಅದೂ ಕೂಡಲೇ ಕಾಣದೆ ಕೆಲವು ವರ್ಷಗಳ ನಂತರ ತುದಿ ಒಣಗುವಾಗ ಕಾಣುತ್ತದೆ. ಅಲ್ಲದೆ 40 ಎಕರೆಯ ತೋಟ 240 ಎಕರೆಯಾದದ್ದು ತಲೆಮಾರುಗಳ ಕಾಲ ಅಂಚಿನಲ್ಲಿ ಜಾಗ ಸೇರಿಸುತ್ತಾ ಬಂದದ್ದರಿಂದ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ನಂಥ ಉದ್ಯಾನಗಳ ಜಮೀನನ್ನು ಮಾರಾಟ, ಗುತ್ತಿಗೆ, ದಾನಗಳ ಮೂಲಕ ಪರಭಾರೆ ಮಾಡುವುದನ್ನು ತಡೆಯುತ್ತದೆ. ಆ ಕಾಯ್ದೆಯ ಕಣ್ಣಿಗೆ ನಡುವಿನ ನೆಲವೂ ಅಂಚಿನ ನೆಲವೂ ಒಂದೇ.

ಬೇರೆಡೆ ಸಸಿ ನೆಡುವುದಾದರೆ ಧಾರಾಳವಾಗಿ ನೆಡಲಿ, ಊರಿಗೆ ಅದೂ ಬೇಕು. ಆದರೆ ಅದನ್ನು ಲಾಲ್‌ಬಾಗ್‌ನ ಖಾತೆಗೆ ಜಮಾ ಮಾಡಬಾರದು. ಕೆರೆಯ ದಿಕ್ಕಿಗಿರುವ ಬಿಳಿ ಬೂರುಗದ ಮರವನ್ನು ಒಮ್ಮೆ ನೋಡಿ ಬನ್ನಿ. ವಯಸ್ಸು ಸುಮಾರು 200 ವರ್ಷ ಎಂದು ಅಂದಾಜು. ಬುಡದಲ್ಲಿ ಹಲಗೆಯಂತೆ ಎದ್ದು ನಿಂತ ಬೇರುಗಳ ಸಂದಿಯಲ್ಲಿ ದೊಡ್ಡವರೂ ಅಡಗಿ ನಿಲ್ಲಬಹುದು. ಅದರ ಬೀಜದಿಂದ ಸಾವಿರ ಸಸಿ ಮಾಡಬಹುದು. ಅವು ಆ ಗಾತ್ರಕ್ಕೆ ಬರುವುದು 2200ರ ಆಸುಪಾಸಿಗೆ.