ಮೊದಲು ಗಾಳಿ, ಆಮೇಲೆ ಸೋಲಾರ್

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಎನರ್ಜಿ ಆಡಿಟ್‌ಗೆಂದು, ಅಂದರೆ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂದು ಲೆಕ್ಕ ಹಾಕಲು, ನನ್ನನ್ನು ಕರೆದಾಗ ಅವರ ಮೇಜಿನ ಮೇಲೆ ಸಾಮಾನ್ಯವಾಗಿ ಒಂದು ಸೋಲಾರ್ ಕೊಟೇಶನ್ ಇರುತ್ತದೆ. ದೊಡ್ಡ ಕಂಪನಿಗಳು ಈಗ ಬಿಡಿಭಾಗ ಮಾಡಿಕೊಡುವವರಿಂದಲೂ ಕಾರ್ಬನ್ ಲೆಕ್ಕ ಕೇಳತೊಡಗಿವೆ. ಅದರ ಮೇಲೆ ಬೆಸ್ಕಾಂ ಬಿಲ್ ಬೇರೆ. ಎರಡಕ್ಕೂ ಚಾವಣಿ ಮೇಲಿನ ಪ್ಯಾನೆಲ್ಲೇ ಮದ್ದು ಎಂದು ಮಾರುವವರು ಆಗಲೇ ಒಪ್ಪಿಸಿರುತ್ತಾರೆ. ಸೋಲಾರ್ ಬೇಡ ಅನ್ನುವವನು ನಾನಲ್ಲ. ಆದರೆ ಅದು ಕೊನೆಗೆ ಮಾಡುವ ಕೆಲಸ. ನಾನು ಮೊದಲು ಹೋಗಿ ನೋಡುವುದು ಶೆಡ್ಡಿನ ಹಿಂದೆ, ಜನರೇಟರ್ ಪಕ್ಕದಲ್ಲಿ ನಿಂತ ಕಂಪ್ರೆಸರ್, ಅಂದರೆ ಗಾಳಿಯನ್ನು ಒತ್ತಿ ಮಷಿನ್‌ಗಳಿಗೆ ಪೈಪಿನಲ್ಲಿ ಕಳಿಸುವ ಯಂತ್ರ.

ಮಷಿನ್ ಶಾಪ್‌ನಲ್ಲಿ ಗಾಳಿ ಪುಕ್ಕಟೆ ಎಂಬ ಭಾವನೆ ಎಲ್ಲರಿಗೂ ಇದೆ. ಕಂಪ್ರೆಸರ್ ತಿನ್ನುವ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಾಖವಾಗಿಯೋ ದಾರಿಯಲ್ಲಿ ಸೋರಿಯೋ ಹೋಗಿಬಿಡುತ್ತದೆ; ಕೆಲಸಕ್ಕೆ ದಕ್ಕುವುದು ಹೆಚ್ಚುಕಡಿಮೆ ಒಂದೇ ಪಾಲು. ಎಣ್ಣೆ ಸೋರಿದರೆ ನೆಲದ ಮೇಲೆ ಕಲೆಯಾಗುತ್ತದೆ, ನೀರು ಸೋರಿದರೆ ಕಾಲು ಒದ್ದೆಯಾಗುತ್ತದೆ. ಗಾಳಿ ಸೋರಿದರೆ ‘ಸುಯ್’ ಅನ್ನುತ್ತದೆ ಅಷ್ಟೆ, ಅದೂ ಲೇತ್‌ಗಳ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ, ಕೈಯಲ್ಲಿರುವ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಊಟದ ಹೊತ್ತಿನಲ್ಲಿ ಮಷಿನ್‌ಗಳನ್ನೆಲ್ಲ ನಿಲ್ಲಿಸಿ, ಏರ್ ಲೈನ್ ವಾಲ್ವ್‌ಗಳನ್ನು ತೆರೆದೇ ಇಟ್ಟು, ಕಂಪ್ರೆಸರ್ ಮಾತ್ರ ಓಡಲು ಬಿಡಿ. ಗಾಳಿ ಬಳಸುವವರು ಯಾರೂ ಇಲ್ಲ, ಆದ್ದರಿಂದ ಪೈಪು ತುಂಬಿದ ಮೇಲೆ ಅದು ಮತ್ತೆ ಲೋಡ್ ಆಗಬಾರದು (ಅಂದರೆ ಗಾಳಿ ಒತ್ತಲು ಶುರು ಮಾಡಬಾರದು). ಆಗುತ್ತದೆ! ಒಂದೂವರೆ ನಿಮಿಷ ಲೋಡ್, ಮೂರೂವರೆ ನಿಮಿಷ ಅನ್‌ಲೋಡ್ ಆಯಿತು ಎಂದುಕೊಳ್ಳಿ. ಐದು ನಿಮಿಷಕ್ಕೆ ಒಂದೂವರೆ, ಅಂದರೆ ಶೇ 30ರಷ್ಟು ಗಾಳಿ ಸೋರಿಕೆಗೇ ಹೋಗುತ್ತಿದೆ. ನಿಗಾ ಇಲ್ಲದ ಶಾಪ್‌ಗಳಲ್ಲಿ ಶೇ 20ರಿಂದ 30 ಸೋರುವುದು ಅಪರೂಪವೇನಲ್ಲ.

ಇದನ್ನೇ ರೂಪಾಯಿಗೆ ಇಳಿಸೋಣ. ಕಂಪ್ರೆಸರ್ 20 ಎಚ್‌ಪಿಯದು ಎಂದುಕೊಳ್ಳಿ, ಅಂದರೆ ಸುಮಾರು 15 ಕಿಲೋವಾಟ್. ಅದರ ಶೇ 30 ನಾಲ್ಕೂವರೆ ಕಿಲೋವಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಹಿಡಿದರೆ 13,500 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೂ 94,500 ರೂಪಾಯಿ. ನಮ್ಮ ದೇಶದ ಗ್ರಿಡ್ಡಿನ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಲೆಕ್ಕ, ಅಂದರೆ ಇದು 9 ಟನ್ ದಾಟಿತು. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವಾಟ್ ಸೋಲಾರ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅಲ್ಲಿಗೆ ಹತ್ತು ಕಿಲೋವಾಟ್‌ನಷ್ಟು ಪ್ಯಾನೆಲ್ ದುಡಿಯುವುದು ಬರೀ ಈ ಸೋರಿಕೆಗೆ. ಸೋರಿಕೆ ನಿಲ್ಲಿಸಲು ಬೇಕಾಗುವುದು ಟೆಫ್ಲಾನ್ ಟೇಪ್, ಹೋಸ್ ಕ್ಲಿಪ್, ಹೊಸ ಪಿಯು (ಪಾಲಿಯುರೆಥೇನ್) ಪೈಪ್, ಸೋಪಿನ ನೀರು ಹಾಕಿ ಗುಳ್ಳೆ ನೋಡುವ ಒಬ್ಬ ಹುಡುಗ. ನೀರು ಹೋಗಲೆಂದು ರಿಸೀವರ್‌ನ (ಗಾಳಿ ತುಂಬಿಡುವ ಟ್ಯಾಂಕಿನ) ಡ್ರೇನ್ ವಾಲ್ವನ್ನು ಯಾರೋ ಸ್ವಲ್ಪ ತೆರೆದು ಬಿಟ್ಟಿರುತ್ತಾರೆ, ಅದನ್ನೂ ನೋಡಿ. ಶಿಫ್ಟ್ ಮುಗಿದ ಮೇಲೆ ಏರ್ ಗನ್ನಿನಿಂದ ಬಟ್ಟೆಯ ಧೂಳು ಹಾರಿಸುವುದನ್ನಂತೂ ನಿಲ್ಲಿಸಲೇಬೇಕು, ಅದರಿಂದ ಕಣ್ಣಿಗೂ ಅಪಾಯ.

ಇನ್ನು ಪ್ರೆಶರ್, ಅಂದರೆ ಗಾಳಿಯ ಒತ್ತಡ; ಅದರ ಅಳತೆ ಬಾರ್. ‘ಇರಲಿ’ ಎಂದು 7 ಬಾರ್‌ಗೆ ಇಟ್ಟವರೇ ಹೆಚ್ಚು. ಒಂದು ಬಾರ್ ಇಳಿಸಿದರೆ ಕಂಪ್ರೆಸರ್‌ನ ಖರ್ಚು ಶೇ 6ರಿಂದ 10 ಇಳಿಯುತ್ತದೆ. ಹಾಗೆಂದ ತಕ್ಷಣ ಮಾಲೀಕರು ಹೇಳುವುದು ಒಂದೇ: ‘ಕಮ್ಮಿ ಮಾಡಿದ್ರೆ ವಿಎಂಸಿ ಅಲಾರಂ ಹೊಡೆಯುತ್ತೆ ಸಾರ್.’ ನಿಜ, ಗಾಳಿಯ ಒತ್ತಡ ಸಾಲದಿದ್ದರೆ ಆ ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್ ಅಲಾರಂ ಹೊಡೆಯುತ್ತದೆ. ಆದರೆ ಕಂಪ್ರೆಸರ್ ಹತ್ತಿರ 7 ಇದ್ದದ್ದು ಮಷಿನ್ ಹತ್ತಿರ ಐದೂವರೆ ಆಗಿದ್ದರೆ ತಪ್ಪು ನಡುವಿನ ದಾರಿಯದು. ಕಸ ಕಟ್ಟಿಕೊಂಡ ಫಿಲ್ಟರ್, ಅಗತ್ಯಕ್ಕಿಂತ ಸಣ್ಣ ಪೈಪ್, ಹತ್ತು ಕಡೆ ಎಲ್ಬೋ (ಪೈಪಿನ ತಿರುವು). ಅದನ್ನು ಸರಿಪಡಿಸಿ, ಕಾಲು ಬಾರ್‌ನಂತೆ ಇಳಿಸುತ್ತಾ ಬನ್ನಿ. ಕಂಪ್ರೆಸರ್ ಬಿಸಿಗಾಳಿ ಎಳೆದುಕೊಳ್ಳದಂತೆಯೂ ನೋಡಿ: ಒಳಬರುವ ಗಾಳಿ 4 ಡಿಗ್ರಿ ಬಿಸಿಯಾದರೆ ಖರ್ಚು ಶೇ 1 ಏರುತ್ತದೆ.

ಕರೆಂಟಿನಂತೆ ನೀರೂ ಪೋಲಾಗುತ್ತದೆ, ಆ ಮಾತು ಚುಟುಕಾಗಿ. 2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿತು, ಟ್ಯಾಂಕರ್‌ಗೆ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. 5,000 ಚದರಡಿ ಶೀಟಿನ ಚಾವಣಿಯ ಮೇಲೆ ಇಲ್ಲಿ ವರ್ಷಕ್ಕೆ ಬೀಳುವ ಮಳೆಯಲ್ಲಿ ಐದನೇ ಒಂದು ಪಾಲು ಪೋಲಾದರೂ ಮೂರೂವರೆ ಲಕ್ಷ ಲೀಟರ್ ಹಿಡಿಯಬಹುದು. ಶೌಚಾಲಯಕ್ಕೆ, ನೆಲ ತೊಳೆಯಲು ಅದು ಧಾರಾಳ. ಸ್ಕ್ರ್ಯಾಪ್‌ದೂ ಹೀಗೆಯೇ. ಅಲ್ಯೂಮಿನಿಯಂ ಚಿಪ್ಸ್‌ಗೆ ಕಬ್ಬಿಣದ ಚಿಪ್ಸ್ ಬೆರೆತರೆ ಗುಜರಿಯವನು ರೇಟ್ ಇಳಿಸುತ್ತಾನೆ. ಎರಡು ಡ್ರಮ್ ಇಟ್ಟರೆ ಮುಗಿಯಿತು.

ಇಷ್ಟಾದ ಮೇಲೆ ಮೂರು ತಿಂಗಳ ಬಿಲ್ ಜೋಡಿಸಿಕೊಂಡು ಸೋಲಾರ್‌ನವರನ್ನು ಕರೆಯಿರಿ, ಹಳೆಯ ಕೊಟೇಶನ್‌ಗಿಂತ ಚಿಕ್ಕದು ಸಾಕಾಗಬಹುದು. ‘ಬಿಲ್ ಸೊನ್ನೆ’ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಯೂನಿಟ್ ಇಳಿದರೂ ನಿಗದಿತ ಶುಲ್ಕ ಉಳಿಯುತ್ತದೆ, ಜುಲೈನ ಮೋಡದಲ್ಲಿ ಗ್ರಿಡ್ಡೇ ಗತಿ. ಬಾಡಿಗೆ ಶೆಡ್ಡಾದರೆ ಚಾವಣಿ ಓನರ್‌ದು, ಹತ್ತು ವರ್ಷದ ಕರಾರಿಗೆ ಅವರು ಒಪ್ಪಬೇಕು. ಆ ಮಾತುಕತೆ ತಿಂಗಳುಗಟ್ಟಲೆ ಎಳೆಯುತ್ತದೆ. ಏರ್ ಲೈನ್ ಮಾತ್ರ ನಿಮ್ಮದೇ, ಅದನ್ನು ಇಂದು ಊಟದ ಹೊತ್ತಿಗೇ ನೋಡಬಹುದು.