ಪಾವ್ಲೋವಾ ಬರದಿದ್ದರೆ ಭರತನಾಟ್ಯ ಉಳಿಯುತ್ತಿರಲಿಲ್ಲವೇ?

ಓದುಗರ ಪ್ರಶ್ನೆ: ಮಗಳು ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ಓದುತ್ತಿದ್ದಾಳೆ. ರಷ್ಯದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಹೇಳಿದ ಒಂದು ಮಾತಿನಿಂದ ರುಕ್ಮಿಣಿದೇವಿಯವರು ಭರತನಾಟ್ಯ ಕಲಿತರು, ಹಾಗಾಗಿ ಈ ಕಲೆ ಉಳಿಯಿತು ಅಂತ ಅವಳ ನೋಟ್ಸಿನಲ್ಲಿದೆ. ಇದು ಎಷ್ಟು ನಿಜ?

ಅರ್ಧ ನಿಜ. ನಿಮ್ಮ ನಾಡಿನ ನೃತ್ಯದ ಕಡೆ ನೋಡಿ ಅನ್ನುವ ಆ ಮಾತು ನಡೆದದ್ದು ಹೌದು, ರುಕ್ಮಿಣಿದೇವಿಯವರೇ ಅದನ್ನು ನೆನೆಸಿಕೊಳ್ಳುತ್ತಿದ್ದರು. ಅದರಿಂದ ಆದ ಬದಲಾವಣೆಯೂ ಚಿಕ್ಕದಲ್ಲ. ಆದರೆ ಭರತನಾಟ್ಯ ಉಳಿದದ್ದು ಆ ಮಾತಿನಿಂದ ಅಲ್ಲ. ಪಾವ್ಲೋವಾ ಅವರ ತಂಡ ನಮ್ಮಲ್ಲಿ ಬದಲಾಯಿಸಿದ್ದು ಬೇರೆ ಸಂಗತಿಗಳನ್ನು: ಯಾರು ಕುಣಿಯಬಹುದು, ಎಲ್ಲಿ ಕುಣಿಯಬೇಕು, ಜನ ಯಾಕೆ ದುಡ್ಡು ಕೊಟ್ಟು ಬಂದು ನೋಡಬೇಕು. ಕುಣಿತ ಅವರು ಬರುವ ಮೊದಲೇ ಇತ್ತು, ಅದನ್ನು ಕಾಪಾಡಿಕೊಂಡು ಬಂದವರೂ ಇದ್ದರು.

ಮೊದಲು ಆ ತಂಡದ ವಿಷಯ. ಪಾವ್ಲೋವಾ 1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅಲ್ಲಿನ ರಾಜಾಶ್ರಯದ ಬ್ಯಾಲೆ ಶಾಲೆಯಲ್ಲಿ ಕಲಿತು ಮಾರಿನ್‌ಸ್ಕಿ ಥಿಯೇಟರಿನ ದೊಡ್ಡ ಕಲಾವಿದೆಯಾದರು. ಸಾಯುತ್ತಿರುವ ಹಂಸದ ಪುಟ್ಟ ನೃತ್ಯ ಅವರಿಗೆ ಲೋಕದಲ್ಲೆಲ್ಲ ಹೆಸರು ತಂದಿತು. ಆಮೇಲೆ ಸ್ವಂತ ತಂಡ ಕಟ್ಟಿದರು, ಲಂಡನ್ನಿನಲ್ಲಿ ಮನೆ ಮಾಡಿದರು, ಹಡಗು ರೈಲುಗಳಲ್ಲೇ ಬದುಕು ಕಳೆದರು. ರಷ್ಯದ ತಂಡ ಅಂತ ಹೆಸರಿದ್ದರೂ ಅದರಲ್ಲಿ ಬಹಳಷ್ಟು ಜನ ಇಂಗ್ಲಿಷ್ ಹುಡುಗಿಯರು. ಹಿಲ್ಡಾ ಬೂಟ್ ಅನ್ನುವ ಹುಡುಗಿ ಪೋಸ್ಟರಿನಲ್ಲಿ ಹಿಲ್ಡಾ ಬುಟ್ಸೋವಾ ಆಗುತ್ತಿದ್ದಳು! ರಷ್ಯದ ಹೆಸರಿದ್ದರೆ ಟಿಕೆಟ್ ಜಾಸ್ತಿ ಹೋಗುತ್ತಿತ್ತು, ಅಷ್ಟೇ.

1922–23ರಲ್ಲಿ ಈ ತಂಡ ಜಪಾನ್, ಚೀನಾ, ಬರ್ಮಾ ಎಲ್ಲ ಸುತ್ತಿ ಭಾರತಕ್ಕೂ ಬಂತು. ಕಲ್ಕತ್ತಾ, ಬೊಂಬಾಯಿಗಳಲ್ಲಿ ಕಾರ್ಯಕ್ರಮ ಕೊಟ್ಟಿತು. ಪಾವ್ಲೋವಾ ಅವರಿಗೆ ಭಾರತ ಹೊಸ ಕನಸೇನಲ್ಲ. ಮಾರಿಯಸ್ ಪೆಟಿಪಾ 1877ರಲ್ಲಿ ಸಂಯೋಜಿಸಿದ 'ಲಾ ಬಯಾದೇರ್' ಬ್ಯಾಲೆಯ ನಾಯಕಿ ನಿಕಿಯಾ ಒಬ್ಬ ದೇವದಾಸಿ. ಆ ಪಾತ್ರವನ್ನು ಪಾವ್ಲೋವಾ 1902ರಲ್ಲೇ ಮಾಡಿದ್ದರು. ಅಂದರೆ ದೇವದಾಸಿಯಾಗಿ ಕುಣಿದು ಇಪ್ಪತ್ತು ವರ್ಷ ಆದ ಮೇಲೆ ದೇವದಾಸಿಯರ ದೇಶಕ್ಕೆ ಬಂದರು. ಆ ಬ್ಯಾಲೆಯಲ್ಲಿ ಭಾರತದ ಒಂದು ಹೆಜ್ಜೆಯೂ ಇಲ್ಲ ಅನ್ನುವುದು ಬೇರೆ ಮಾತು. ಯುರೋಪಿಗೆ ನಿಜವಾದ ದೇವದಾಸಿಯರು ಗೊತ್ತಿರಲಿಲ್ಲ ಅಂತಲೂ ಅಲ್ಲ. 1838ರಲ್ಲೇ ಪಾಂಡಿಚೇರಿ ಹತ್ತಿರದ ತಿರುವೇಂದಿಪುರಂನಿಂದ ನರ್ತಕಿಯರೂ ವಾದ್ಯದವರೂ ಸೇರಿದ ಒಂದು ಮೇಳ ಪ್ಯಾರಿಸ್ಸಿಗೆ ಹೋಗಿ ಕುಣಿದು ಬಂದಿತ್ತು. ದೇಶದಿಂದ ದೇಶಕ್ಕೆ ಸುತ್ತುವ ಕೆಲಸವನ್ನು ನಮ್ಮ ಹೆಣ್ಣುಮಕ್ಕಳು ಪಾವ್ಲೋವಾಗಿಂತ ಎಂಬತ್ತು ವರ್ಷ ಮೊದಲೇ ಮಾಡಿದ್ದರು. ಇದು ಯಾವ ನೋಟ್ಸಿನಲ್ಲೂ ಇರುವುದಿಲ್ಲ, ಅಲ್ವಾ?

ಭಾರತದಲ್ಲಿ ಪಾವ್ಲೋವಾ ಅಜಂತಾ ನೋಡಿದರು. ಅಲ್ಲಿನ ಚಿತ್ರಗಳನ್ನು ನೆನಪಿಟ್ಟುಕೊಂಡು ಹೋಗಿ ಅದರ ಮೇಲೊಂದು ಬ್ಯಾಲೆ ಮಾಡಿಸಿದರು. ಲಂಡನ್ನಿಗೆ ಮರಳಿದ ಮೇಲೆ ಪೂರ್ವದೇಶಗಳ ನೃತ್ಯಗಳ ಒಂದು ಗುಚ್ಛವನ್ನೂ ತಯಾರು ಮಾಡತೊಡಗಿದರು. ಅದರ ಭಾರತದ ಭಾಗಕ್ಕೆ ಒಬ್ಬರು ಬೇಕಾಗಿತ್ತು. ಸಿಕ್ಕಿದವರು ಉದಯಶಂಕರ್.

ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ವ್ಯಕ್ತಿ ಇವರೇ. ರುಕ್ಮಿಣಿದೇವಿಯವರು ಪಾವ್ಲೋವಾ ಜೊತೆ ಪ್ರಯಾಣ ಮಾಡಿದ ಹಡಗಿನ ಕಥೆ ಎಲ್ಲರಿಗೂ ಗೊತ್ತು, ಇದು ಅಷ್ಟು ಗೊತ್ತಿಲ್ಲ. 1900ರಲ್ಲಿ ಉದಯಪುರದಲ್ಲಿ ಹುಟ್ಟಿದ ಈ ಬಂಗಾಳಿ ಹುಡುಗ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಕಲಿಯುತ್ತಿದ್ದರು. ಗುರುವಿನ ಬಳಿ ಕೂತು ಯಾವ ಶಾಸ್ತ್ರೀಯ ನೃತ್ಯವನ್ನೂ ಕಲಿತಿರಲಿಲ್ಲ. ಊರಿನ ಹಬ್ಬಗಳಲ್ಲಿ ಜನ ಕುಣಿಯುವುದನ್ನು ನೋಡಿದ್ದೇ ಅವರ ಪಾಠ. ಅವರು ಪಾವ್ಲೋವಾಗೆ ಎರಡು ನೃತ್ಯ ಮಾಡಿಕೊಟ್ಟರು. ಒಂದು ಹಿಂದೂ ಮದುವೆ, ಇನ್ನೊಂದು ರಾಧಾಕೃಷ್ಣ. 1923ರ ಸೆಪ್ಟೆಂಬರಿನಲ್ಲಿ ಕಾವೆಂಟ್ ಗಾರ್ಡನ್‌ನಲ್ಲಿ ಪಾವ್ಲೋವಾ ರಾಧೆ, ಉದಯಶಂಕರ್ ಕೃಷ್ಣ. ಆಮೇಲೆ ತಂಡದ ಜೊತೆ ಅಮೆರಿಕವನ್ನೂ ಸುತ್ತಿದರು.

ಬ್ಯಾಲೆ ಕಲಿಯಬೇಕೆಂದು ಅವರಿಗೆ ಆಸೆ ಇತ್ತು. ಪಾವ್ಲೋವಾ ಬೇಡವೆಂದರು. ನಿಮ್ಮದನ್ನೇ ಹುಡುಕಿಕೊಳ್ಳಿ ಎಂಬ ಸಲಹೆ ಮೊದಲು ಸಿಕ್ಕಿದ್ದು ಉದಯಶಂಕರ್ ಅವರಿಗೆ. ರುಕ್ಮಿಣಿದೇವಿಯವರಿಗೆ ಸಿಕ್ಕಿದ್ದು ಐದಾರು ವರ್ಷ ಕಳೆದ ಮೇಲೆ.

ಆದರೆ ಸಲಹೆಗಿಂತ ದೊಡ್ಡ ಪಾಠ ಆ ಪ್ರವಾಸದಲ್ಲೇ ಇತ್ತು ಅನ್ನಿಸುತ್ತದೆ. ನೃತ್ಯತಂಡ ನಡೆಯುವುದು ಹೇಗೆ ಅಂತ ಉದಯಶಂಕರ್ ಒಳಗಿನಿಂದ ನೋಡಿದರು. ಇಡೀ ಸಂಜೆಯನ್ನು ಚಿಕ್ಕ ಚಿಕ್ಕ ನೃತ್ಯಗಳಾಗಿ ಹಂಚುವುದು. ಒಂದು ಮುಗಿಯುತ್ತಲೇ ಉಡುಪು ಬದಲಿಸಿ ಇನ್ನೊಂದಕ್ಕೆ ಬರುವುದು. ಬೆಳಕು ಎಲ್ಲಿಂದ ಬೀಳಬೇಕು, ಪರದೆ ಯಾವಾಗ ಏಳಬೇಕು. ಊರಿಂದ ಊರಿಗೆ ಸಾಮಾನು ಸಾಗಿಸುವುದು, ಪೇಪರಿನವರನ್ನು ಕರೆಯುವುದು, ಲೆಕ್ಕ ಇಡುವುದು. ಅರಮನೆಯಲ್ಲೋ ಗುಡಿಯಲ್ಲೋ ಮದುವೆ ಮನೆಯಲ್ಲೋ ಕುಣಿಯುತ್ತಿದ್ದ ಭಾರತದ ಕಲಾವಿದರಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಅಲ್ಲಿ ನೋಡುವವರಿಗೆ ಪದದ ಅರ್ಥ ಗೊತ್ತು, ತಾಳ ಗೊತ್ತು, ರಾತ್ರಿಯಿಡೀ ಪುರುಸೊತ್ತು. ಟಿಕೆಟ್ ಕೊಂಡು ಎರಡು ಗಂಟೆ ಕೂರುವ ನ್ಯೂಯಾರ್ಕಿನವನಿಗೆ ಬೇಕಾದದ್ದೇ ಬೇರೆ.

ಉದಯಶಂಕರ್ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ಸ್ವಿಸ್ ಶಿಲ್ಪಿ ಆಲಿಸ್ ಬೋನರ್ ಅವರ ನೆರವಿನಿಂದ ಭಾರತ ಸುತ್ತಿ, ತಮ್ಮಂದಿರನ್ನೂ ಬಂಧುಗಳನ್ನೂ ಸೇರಿಸಿ ತಂಡ ಕಟ್ಟಿದರು. 1931ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಕಿರಿಯ ತಮ್ಮ ಆಗ ಇನ್ನೂ ಚಿಕ್ಕ ಹುಡುಗ, ಮುಂದೆ ಸಿತಾರ್ ಹಿಡಿದು ಲೋಕ ಗೆದ್ದ ರವಿಶಂಕರ್. ಪಾವ್ಲೋವಾ ಇದನ್ನು ನೋಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಹೇಗ್ ನಗರದಲ್ಲಿ ನ್ಯುಮೋನಿಯಾದಿಂದ ತೀರಿಹೋಗಿದ್ದರು. ಮುಂದೆ ಅಮೆರಿಕದಲ್ಲಿ ಉದಯಶಂಕರ್ ತಂಡದ ಪ್ರವಾಸ ಏರ್ಪಡಿಸಿದವರು ಸಾಲ್ ಹ್ಯುರೋಕ್. ಪಾವ್ಲೋವಾ ಅವರ ಅಮೆರಿಕ ಪ್ರವಾಸಗಳನ್ನು ನಡೆಸಿದ ಮ್ಯಾನೇಜರೂ ಅವರೇ! ಪ್ರಭಾವ ಅಂದರೆ ಕೈಕಾಲಿನ ಚಲನೆ ಮಾತ್ರ ಅಂದುಕೊಂಡವರು ಈ ಒಂದು ಸಂಗತಿಯನ್ನು ಗಮನಿಸಬೇಕು. ರಷ್ಯದ ತಂಡ ಹೋದ ದಾರಿಯಲ್ಲೇ ಭಾರತದ ತಂಡವೂ ಹೋಯಿತು.

ಬೊಂಬಾಯಿಯಲ್ಲಿ ಮೇನಕಾ ಅನ್ನುವ ನರ್ತಕಿ ಕಥಕ್ ಆಧರಿಸಿದ ತಂಡ ಕಟ್ಟಿ 1936ರಲ್ಲಿ ಯುರೋಪಿಗೆ ಕರೆದುಕೊಂಡು ಹೋದರು. ಅದೂ ಇದೇ ಕಾಲದ ಗಾಳಿ.

ಇನ್ನು ಹಡಗಿನ ಕಥೆ. 1928ರ ಕೊನೆಗೆ ಪಾವ್ಲೋವಾ ತಂಡ ಮತ್ತೆ ಭಾರತಕ್ಕೆ ಬಂತು. ಥಿಯಾಸಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ಪತ್ನಿ ರುಕ್ಮಿಣಿದೇವಿ ಬೊಂಬಾಯಿಯಲ್ಲಿ ಅವರ ಪ್ರದರ್ಶನ ನೋಡಿದರು. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗುವಾಗ ಇಬ್ಬರದೂ ಒಂದೇ ಹಡಗು. ಸ್ನೇಹ ಬೆಳೆಯಿತು. ರುಕ್ಮಿಣಿದೇವಿಯವರು ಮೊದಲು ಕಲಿತದ್ದು ಬ್ಯಾಲೆ, ಪಾವ್ಲೋವಾ ತಂಡದ ಕ್ಲಿಯೋ ನೋರ್ಡಿ ಅವರಿಂದ. ನಿಮ್ಮ ನಾಡಿನ ನೃತ್ಯದ ಕಡೆ ನೋಡಿ ಎಂಬ ಮಾತು ಬಂದದ್ದು ಆಮೇಲೆ.

ಮದರಾಸಿಗೆ ಮರಳಿದ ಅವರು ಮೈಲಾಪುರ ಗೌರಿ ಅಮ್ಮಾಳ್ ಮತ್ತು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರ ಬಳಿ ಕಲಿತು, 1935ರ ಡಿಸೆಂಬರಿನಲ್ಲಿ ಅಡ್ಯಾರಿನಲ್ಲಿ ವೇದಿಕೆ ಹತ್ತಿದರು. ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯಿತು. ಬ್ರಾಹ್ಮಣ ಮನೆತನದ ಹೆಣ್ಣೊಬ್ಬಳು ಸದಿರ್ (ಭರತನಾಟ್ಯಕ್ಕೆ ಆಗ ಇದ್ದ ಹೆಸರು) ಕುಣಿಯುವುದು ಆಗಿನ ಮದರಾಸಿಗೆ ದೊಡ್ಡ ಗದ್ದಲದ ವಿಷಯ. ಈ ಧೈರ್ಯದ ಹಿಂದೆ ಪಾವ್ಲೋವಾ ಇದ್ದರು ಅನ್ನುವುದನ್ನು ನಾನು ಒಪ್ಪುತ್ತೇನೆ. ದೊಡ್ಡ ಥಿಯೇಟರಿನಲ್ಲಿ ಹೆಣ್ಣು ಕುಣಿಯುತ್ತಾಳೆ, ಗವರ್ನರುಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಅವಳ ಮರ್ಯಾದೆಗೆ ಏನೂ ಕಡಿಮೆಯಾಗುವುದಿಲ್ಲ. ಇಂಥದ್ದೊಂದು ಉದಾಹರಣೆ ಕಣ್ಣೆದುರು ಸಿಕ್ಕಿತು.

ಕಲಾಕ್ಷೇತ್ರದ ವೇದಿಕೆಯಲ್ಲೂ ಬ್ಯಾಲೆಯ ನೆರಳು ಕಾಣುತ್ತದೆ. ಮೊದಲು ನಟ್ಟುವನಾರ್ (ತಾಳ ಹಿಡಿದು ನೃತ್ಯ ನಡೆಸುವ ಗುರು) ಮತ್ತು ಹಿಮ್ಮೇಳದವರು ನರ್ತಕಿಯ ಬೆನ್ನ ಹಿಂದೆ ನಿಂತು, ಅವಳ ಜೊತೆ ಹಿಂದೆ ಮುಂದೆ ಸರಿಯುತ್ತಿದ್ದರು. ರುಕ್ಮಿಣಿದೇವಿ ಅವರನ್ನು ವೇದಿಕೆಯ ಒಂದು ಬದಿಗೆ ಕೂರಿಸಿದರು. ಇವತ್ತು ಯಾವ ರಂಗಪ್ರವೇಶಕ್ಕೆ ಹೋದರೂ ಹಾಗೇ ಇರುತ್ತದೆ, ಅನಾದಿ ಕಾಲದಿಂದ ಹೀಗೇ ಅಂತ ನಾವೂ ಸುಮ್ನೆ ಅಂದುಕೊಂಡಿದ್ದೇವೆ. ಉಡುಪನ್ನು ಶಿಲ್ಪಗಳನ್ನು ನೋಡಿ ಹೊಸದಾಗಿ ಹೊಲಿಸಿದರು. ಬೆಳಕಿನ ಕೆಲಸಕ್ಕೆ ಥಿಯಾಸಫಿ ಬಳಗದ ವಿದೇಶಿ ಗೆಳೆಯರಿದ್ದರು. ಸಾಲಾಗಿ ನಿಂತ ಮಕ್ಕಳಿಗೆ ವೇಳಾಪಟ್ಟಿ ಪ್ರಕಾರ ಅಡವು (ಮೂಲ ಹೆಜ್ಜೆಗಳು) ಹೇಳಿಕೊಡುವ ಕ್ರಮ ಗುರುವಿನ ಮನೆಯ ಪಾಠಕ್ಕಿಂತ ಬ್ಯಾಲೆ ಶಾಲೆಗೆ ಹತ್ತಿರ. 1944ರ 'ಕುಟ್ರಾಲ ಕುರವಂಜಿ'ಯಿಂದ ಶುರುವಾಗಿ ಬಂದ ನೃತ್ಯನಾಟಕಗಳಲ್ಲಿ ಗುಂಪನ್ನು ವೇದಿಕೆ ತುಂಬ ಹರಡಿ ನಿಲ್ಲಿಸುವ ರೀತಿಯೂ ಹಾಗೆಯೇ. ಹಾಗಂತ ಇದೆಲ್ಲ ಬ್ಯಾಲೆಯ ನಕಲು ಅಂದರೆ ತಪ್ಪಾಗುತ್ತದೆ. ಮಂಡಿ ಅರ್ಧ ಮಡಿಸಿ ಅರೆಮಂಡಿಯಲ್ಲಿ ಕೂತು ನೆಲವನ್ನು ತಟ್ಟುವ ನೃತ್ಯಕ್ಕೂ ಕಾಲ್ಬೆರಳ ತುದಿಯಲ್ಲಿ ನಿಂತು ನೆಲ ಬಿಟ್ಟು ಏಳುವ ನೃತ್ಯಕ್ಕೂ ದೇಹದ ವ್ಯಾಕರಣವೇ ಬೇರೆ.

ಈಗ ನೋಟ್ಸಿನ ತಪ್ಪಿಗೆ ಬರೋಣ. ಕಲೆ ಸತ್ತುಹೋಗುತ್ತಿತ್ತು, ಯಾರೋ ಬಂದು ಬದುಕಿಸಿದರು ಅನ್ನುವಾಗ ಆ ಹೊತ್ತಿಗೆ ಅದನ್ನು ಮಾಡುತ್ತಿದ್ದವರು ಕಣ್ಮರೆಯಾಗುತ್ತಾರೆ. ಪಾವ್ಲೋವಾ ಕಲ್ಕತ್ತಾದಲ್ಲಿ ಹಂಸವಾಗಿ ಕುಣಿಯುತ್ತಿದ್ದ ಹೊತ್ತಿಗೆ ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು ಇದ್ದರು, 1857ರಲ್ಲಿ ಹುಟ್ಟಿದ ಅರಮನೆ ಕಲಾವಿದೆ. ಅವರ ಮನೆಯಲ್ಲಿ ಅಭಿನಯ ಕಲಿತ ಕಡೂರು ಕಡೆಯ ಹುಡುಗಿಯೇ ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಕೆ. ವೆಂಕಟಲಕ್ಷಮ್ಮ. ಮದರಾಸಿನ ಬಾಲಸರಸ್ವತಿ 1925ರಲ್ಲಿ ಏಳು ವರ್ಷದ ಮಗುವಾಗಿ ಕಾಂಚೀಪುರದಲ್ಲಿ ಗೆಜ್ಜೆ ಕಟ್ಟಿದರು. ಆಗ ಆ ಹಡಗು ಇನ್ನೂ ಹೊರಟೇ ಇರಲಿಲ್ಲ. ರುಕ್ಮಿಣಿದೇವಿಯವರಿಗೆ ಕಲಿಸಿದ ಗೌರಿ ಅಮ್ಮಾಳ್ ದೇವದಾಸಿ ಮನೆತನದವರು, ಮೀನಾಕ್ಷಿಸುಂದರಂ ಪಿಳ್ಳೈ ಇವತ್ತಿನ ಭರತನಾಟ್ಯ ಕಛೇರಿಗೆ ಕ್ರಮ ಹಾಕಿಕೊಟ್ಟ ತಂಜಾವೂರು ಸಹೋದರರ ವಂಶದವರು. ಆ ಸಹೋದರರಲ್ಲಿ ಒಬ್ಬರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಕಲಿಸುವವರೇ ಇಲ್ಲದಿದ್ದರೆ ಕಲಿಯುವುದು ಯಾರ ಹತ್ತಿರ?

ಅಪಾಯ ಇತ್ತು ನಿಜ. ಅದು ಕಲೆ ಮರೆತುಹೋಗುವ ಅಪಾಯ ಅಲ್ಲ, ಕಲಾವಿದೆಯರ ಅನ್ನಕ್ಕೆ ಕಲ್ಲು ಬೀಳುವ ಅಪಾಯ. 1909–10ರ ಸುಮಾರಿಗೇ ಮೈಸೂರು ಸರ್ಕಾರ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ಮದರಾಸಿನಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟ 1947ರ ಕಾನೂನಾಗಿ ಮುಗಿಯಿತು. ಆ ಪದ್ಧತಿ ನಿಲ್ಲಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿಗೆ ಅದೇ ನೃತ್ಯ ಸಭಾಂಗಣಗಳಿಗೆ ಹತ್ತಿದಾಗ, ತಲೆಮಾರುಗಳಿಂದ ಅದನ್ನು ಬಲ್ಲ ಹೆಂಗಸರಲ್ಲಿ ಹೆಚ್ಚಿನವರಿಗೆ ಆ ಮೆಟ್ಟಿಲು ಸಿಗಲಿಲ್ಲ. ಬಾಲಸರಸ್ವತಿಯವರಿಗೆ ಸಿಕ್ಕಿತು. ಅವರು ಶೃಂಗಾರವನ್ನು ತೊಳೆದು ತೆಗೆಯುವ ಹೊಸ ರುಚಿಯನ್ನು ಕೊನೆಯವರೆಗೂ ಒಪ್ಪಲಿಲ್ಲ.

ಪಾವ್ಲೋವಾ ಸುದ್ದಿಯೇ ಇಲ್ಲದೆ ನಡೆದ ಕೆಲಸಗಳೂ ಇವೆ. ಟಾಗೋರರು 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯ ನೋಡಿ, ಅದನ್ನು ಕಲಿಸುವವರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಮಲಯಾಳಂ ಕವಿ ವಳ್ಳತ್ತೋಳ್ 1930ರಲ್ಲಿ ಕಥಕ್ಕಳಿಗಾಗಿ ಕೇರಳ ಕಲಾಮಂಡಲಂ ಕಟ್ಟಿದರು. ಮದರಾಸಿನ ವಕೀಲ ಇ. ಕೃಷ್ಣ ಅಯ್ಯರ್ ತಾವೇ ಹೆಣ್ಣುವೇಷ ಹಾಕಿ ಸದಿರ್ ಕುಣಿದು ಅದರ ಪರವಾಗಿ ವಾದಿಸಿದರು. 1931ರಲ್ಲಿ ಮ್ಯೂಸಿಕ್ ಅಕಾಡೆಮಿಯ ವೇದಿಕೆಗೆ ದೇವದಾಸಿ ಮನೆತನದ ಸೋದರಿಯರನ್ನು ಹತ್ತಿಸಿದವರಲ್ಲಿ ಅವರೇ ಮುಂದಾಳು. ನಮ್ಮ ಮಂಗಳೂರಿನ ನರ್ತಕಿ ಶಾಂತಾ ರಾವ್ ನೇರವಾಗಿ ಕೇರಳಕ್ಕೆ, ಪಂದನಲ್ಲೂರಿಗೆ ಹೋಗಿ ಕಲಿತರು.

ಕರ್ನಾಟಕಕ್ಕೆ ಆ ತಂಡದ ಗಾಳಿ ಬೀಸಿದ್ದು ಸುತ್ತು ದಾರಿಯಲ್ಲಿ, ಹೆಚ್ಚಾಗಿ ಉದಯಶಂಕರ್ ಮೂಲಕ. 1930ರ ದಶಕದ ಕೊನೆಗೆ ಅವರು ಹಿಮಾಲಯದ ಆಲ್ಮೋರಾದಲ್ಲಿ ನೃತ್ಯ ಕಲಿಸುವ ಕೇಂದ್ರ ಕಟ್ಟಿದರು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಬಾಲಸರಸ್ವತಿಯವರ ಗುರು ಕಂದಪ್ಪ ಪಿಳ್ಳೈ, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್. ಒಂದೇ ಜಾಗದಲ್ಲಿ ಇಂಥವರನ್ನು ಸೇರಿಸಿದ್ದು ಸಣ್ಣ ಕೆಲಸವಲ್ಲ. ಹಣ ಸಾಲದೆ ಕೇಂದ್ರ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ಕಲಿತು ಹೋದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗನೊಬ್ಬ ಇದ್ದ. ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದ ಗುರುದತ್. ಅವನ ಹಾಡುಗಳಲ್ಲಿ ಕ್ಯಾಮೆರಾ ಜನರ ನಡುವೆ ಚಲಿಸುವ ಬಗೆಯಲ್ಲಿ ಆ ತರಬೇತಿ ಕಾಣುತ್ತದೆ ಅನ್ನುವುದು ನನ್ನ ಅನಿಸಿಕೆ.

ಇನ್ನೊಬ್ಬರು ಮಾಯಾ ರಾವ್. ಬೆಂಗಳೂರಿನ ಬಿಆರ್‌ವಿ ಟಾಕೀಸಿನಲ್ಲಿ ಉದಯಶಂಕರ್ ತಂಡದ ಪ್ರದರ್ಶನ ನೋಡಿ ಬಂದ ಅವರ ತಂದೆ, ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಬೇಕೆಂದು ತೀರ್ಮಾನಿಸಿದರು. ಮಾಯಾ ಕಥಕ್ ಕಲಿತರು. 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆ ಓದಿದರು, ಅದೂ ಬ್ಯಾಲೆಯ ದೊಡ್ಡ ಸಂಯೋಜಕ ರೊಸ್ತಿಸ್ಲಾವ್ ಜಖಾರೋವ್ ಅವರ ಕೈಕೆಳಗೆ. ಮರಳಿ ದೆಹಲಿಯಲ್ಲಿ ಅದನ್ನೇ ಕಲಿಸುವ ಸಂಸ್ಥೆ ತೆರೆದು, 1987ರಲ್ಲಿ ಬೆಂಗಳೂರಿಗೆ ತಂದರು. ಪಾವ್ಲೋವಾ ಕಲಿತ ನಾಡಿನ ಪಾಠ ಕೊನೆಗೂ ನಮ್ಮೂರಿನ ತರಗತಿಗೆ ಬಂದದ್ದು ಹಡಗಿನ ಮಾತಿನಿಂದ ಅಲ್ಲ, ಸಿಲಬಸ್ ಹಿಡಿದು ಮರಳಿದ ಒಬ್ಬ ಕಥಕ್ ಕಲಾವಿದೆಯಿಂದ.