ಕೆಂಪು ಬೆಲ್ಟಿನ ಕಥೆ

ಅಮೆರಿಕದ ಕುಸ್ತಿ ಶೋ ಡಬ್ಲ್ಯುಡಬ್ಲ್ಯುಇ ನೋಡೋರಿಗೆ ಇಯೋ ಸ್ಕೈ ಗೊತ್ತೇ ಇರ್ತಾಳೆ. ಅಮೆರಿಕಕ್ಕೆ ಹೋಗೋಕ್ ಮುಂಚೆ ಜಪಾನಲ್ಲಿ ಇಯೋ ಶಿರಾಯಿ ಅನ್ನೋ ಹೆಸರಲ್ಲಿ ಹೆಂಗಸರ ಕುಸ್ತಿ ನಡೆಸೋ ಸ್ಟಾರ್‌ಡಮ್ ಕಂಪನಿಯ ‘ಕೆಂಪು ಬೆಲ್ಟ್’, ಅಂದ್ರೆ ಚಾಂಪಿಯನ್ ಪಟ್ಟ, ಎರಡು ಸಲ ಗೆದ್ದೋಳು. ಆದ್ರೆ ಈ ಕೆಂಪು ಬೆಲ್ಟ್ ಅನ್ನೋ ಹೆಸರು ಸ್ಟಾರ್‌ಡಮ್‌ದಲ್ಲ, ಸತ್ತುಹೋದ ಇನ್ನೊಂದು ಕಂಪನಿಯಿಂದ ಬಂದಿದ್ದು.

ಆ ಕಂಪನಿ ಆಲ್ ಜಪಾನ್ ವಿಮೆನ್ಸ್, 1968ರಲ್ಲಿ ಮಾತ್ಸುನಾಗಾ ಅಣ್ತಮ್ಮಂದಿರು ಶುರು ಮಾಡಿದ್ದು. ಬೆಲ್ಟಿನ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯುಎ, ಅದೂ ಅಮೆರಿಕದ ಕುಸ್ತಿಪಟು ಮಿಲ್ಡ್ರೆಡ್ ಬರ್ಕ್ ಕಡೆಯಿಂದ ಬಂದಿದ್ದು, 1970ರ ಹೊತ್ತಿಗೆ ಜಪಾನ್ ಹುಡುಗೀರ ಸೊಂಟಕ್ಕೆ ಬಂತು. ಅಲ್ಲಿ ಒಂದು ವಿಚಿತ್ರ ಕಟ್ಟುಪಾಡು ಇತ್ತು. ಕುಡಿಯಂಗಿಲ್ಲ, ಸೇದಂಗಿಲ್ಲ, ಹುಡುಗರ ಸಹವಾಸ ಇಲ್ಲ, ಇಪ್ಪತ್ತೈದು ಆಗ್ತಿದ್ದಂಗೆ ರಿಟೈರ್ ಆಗಿ ಮನೆಗೆ. ಅಂದ್ರೆ ಎಷ್ಟೇ ದೊಡ್ಡ ಚಾಂಪಿಯನ್ ಆದ್ರೂ ಬೆಲ್ಟ್ ಅವಳ ಹತ್ರ ನಾಲ್ಕು ದಿನದ ನೆಂಟ ಅಷ್ಟೆ. ನನ್ನ ಪ್ರಕಾರ ಈ ಬೆಲ್ಟಿನ ಇಡೀ ಕಥೆ ನಿಂತಿರೋದೇ ಇದರ ಮೇಲೆ.

ಜಾಕಿ ಸಾತೋ, ಮಾಕಿ ಉಎದಾ ಜೋಡಿ ನೋಡಿ. ಬ್ಯೂಟಿ ಪೇರ್ ಅಂತ 1976ರಲ್ಲಿ ಜೊತೆಯಾದ್ರು, ರಿಂಗಲ್ಲೇ ಹಾಡು ಹೇಳ್ತಿದ್ರು, ಅಲ್ಲೀವರೆಗೂ ಗಂಡಸರೇ ತುಂಬಿರ್ತಿದ್ದ ಹಾಲ್‌ಗೆ ಸ್ಕೂಲ್ ಹುಡುಗೀರು ನುಗ್ಗೋಕೆ ಶುರುವಾದ್ರು. ಅದೇ ಇಬ್ರನ್ನ 1979ರ ಫೆಬ್ರವರೀಲಿ ಬುದೋಕಾನ್ ಹಾಲಲ್ಲಿ ಎದುರುಬದುರು ನಿಲ್ಸಿ, ಸೋತೋರು ಕುಸ್ತಿ ಬಿಡಬೇಕು ಅಂದ್ರು. ಮಾಕಿ ಸೋತ್ಳು, ಹೋದ್ಳು. ಎರಡೇ ವರ್ಷದಲ್ಲಿ ಜಾಕಿ ಕೈಯಿಂದ ಜಾಗ್ವಾರ್ ಯೊಕೋತಾ ಬೆಲ್ಟ್ ಕಿತ್ಕೊಂಡ್ಳು.

ಎಂಬತ್ತರ ದಶಕದ ಹುಚ್ಚು ಕ್ರಶ್ ಗ್ಯಾಲ್ಸ್ ಅನ್ನೋ ಜೋಡಿ, ಅಂದ್ರೆ ಚಿಗುಸಾ ನಾಗಾಯೊ, ಲಯನೆಸ್ ಅಸುಕಾ. ಇಬ್ರೂ 1989ರಲ್ಲೇ ರಿಟೈರ್, ಹುಡುಗೀರ ಗುಂಪೂ ಅವರ ಹಿಂದೇನೇ ಎದ್ದುಹೋಯ್ತು.

ಖಾಲಿ ಬಿದ್ದ ಬೆಲ್ಟ್ 1990ರ ಜನವರೀಲಿ ಬುಲ್ ನಕಾನೊಗೆ ಸಿಕ್ತು. ನೆಟ್ಟಗೆ ನಿಂತ ಕೂದಲು, ಮುಖಕ್ಕೆ ಬಣ್ಣ, ಪಕ್ಕಾ ವಿಲನ್. ಅದೇ ವರ್ಷ ನವೆಂಬರ್ 14ಕ್ಕೆ ಯೊಕೊಹಾಮಾದಲ್ಲಿ ಆಜಾ ಕಾಂಗ್ ಜೊತೆ ಕಬ್ಬಿಣದ ಬೋನಲ್ಲಿ ಫೈಟು. ಆಜಾ ಮೊದಲು ಬುಲ್ ಗ್ಯಾಂಗಲ್ಲೇ ಇದ್ದೋಳು, ಜಗಳ ಆಡ್ಕೊಂಡು ಹೊರಗೆ ಬಂದಿದ್ಳು. ಬುಲ್ ಬೋನಿನ ತುದಿ ಹತ್ತಿ ನಿಂತು, ಎರಡೂ ಕೈ ಜೋಡ್ಸಿ, ಕೆಳಗೆ ಬಿದ್ದಿದ್ದ ಆಜಾ ಮೇಲೆ ಕಾಲು ಚಾಚಿ ಹಾರಿಬಿಟ್ಳು. ಇವತ್ತಿಗೂ ಆ ವಿಡಿಯೋ ನೋಡಿದ್ರೆ ನಂಗೆ ಹೊಟ್ಟೆ ತೊಳಸುತ್ತೆ. ಆಜಾಗೆ ಬೆಲ್ಟ್ ಸಿಗೋಕೆ 1992ರ ನವೆಂಬರ್ ಆಯ್ತು, 1995ರ ಮಾರ್ಚಲ್ಲಿ ಅವಳನ್ನ ಸೋಲಿಸಿದ್ದು ಮನಾಮಿ ತೊಯೊತಾ.

ಆಮೇಲೆ ಇಳಿಮುಖಾನೇ. ಕುಸ್ತೀಲಿ ದುಡಿದಿದ್ದನ್ನ ಮಾತ್ಸುನಾಗಾ ಮಂದಿ ಬೇರೆ ಬಿಸಿನೆಸ್‌ಗೆ ಸುರಿದು ಕೈ ಸುಟ್ಕೊಂಡ್ರು, 1997ರಲ್ಲಿ ಕಂಪನಿ ದಿವಾಳಿ, ಒಳ್ಳೊಳ್ಳೆ ಕುಸ್ತಿಪಟುಗಳೆಲ್ಲ ಬಿಟ್ಟುಹೋದ್ರು, 2005ಕ್ಕೆ ಬಾಗಿಲೇ ಮುಚ್ತು. ಕೊನೇ ಚಾಂಪಿಯನ್ ನಾನಾಎ ತಕಾಹಾಶಿ 2006ರಲ್ಲಿ ಬೆಲ್ಟಿಗೆ ವಿದಾಯ ಹೇಳಿದ್ಳು.

2011ರಲ್ಲಿ ಸ್ಟಾರ್‌ಡಮ್ ಶುರು ಮಾಡಿದೋರಲ್ಲಿ ಹಳೇ ಕಂಪನೀಲಿ ಕೆಲಸ ಮಾಡಿದ್ದ ರೊಸ್ಸಿ ಒಗಾವಾ ಒಬ್ರು. ಹೊಸ ಬೆಲ್ಟಿಗೆ ವರ್ಲ್ಡ್ ಆಫ್ ಸ್ಟಾರ್‌ಡಮ್ ಅಂತ ಹೆಸರಿಟ್ರೂ ಪಟ್ಟಿ ಮಾತ್ರ ಕೆಂಪೇ. ಅದನ್ನ ಮೊದಲು ಗೆದ್ದೋಳು ಯಾರು ಅಂತೀರಾ? ಅದೇ ನಾನಾಎ. ಆಗವಳಿಗೆ 32. ಇಪ್ಪತ್ತೈದರ ರೂಲ್ ಇದ್ದಿದ್ರೆ ಏಳು ವರ್ಷದ ಹಿಂದೇನೇ ಮನೆ ಸೇರಬೇಕಿತ್ತು; ಅವಳು ರಿಂಗ್ ಬಿಟ್ಟಿದ್ದು 2025ರ ಮೇನಲ್ಲಿ, 46ರ ವಯಸ್ಸಲ್ಲಿ.